ಅರ್ಧ ಮೀಸೆಗೆ ಐವತ್ತು ವರ್ಷ

ಮಾನ್ಯರೇ,

ದಯವಿಟ್ಟು ನನ್ನ ಅಪ್ಪನನ್ನು ಕ್ಷಮಿಸಬೇಡಿ.

ಕುಶಲ ವಿಚಾರಿಸದೆ ನೇರ ವಿಷಯಕ್ಕೆ ಬಂದಳೆಂದು ಬೇಸರಿಸಬಾರದು. ನಾನು ಕ್ಷೌರದಂಗಡಿ ನಡೆಸುವವಳು. ಕುರ್ಚಿಯಲ್ಲಿ ಕೂತವರ ಕುಶಲ ವಿಚಾರಿಸಿ ವಿಚಾರಿಸಿ ಸಂಜೆಯ ಹೊತ್ತಿಗೆ ಬಾಯಿ ಒಣಗಿರುತ್ತದೆ. ಬರೆಯಲು ಕೂತಾಗಲಾದರೂ ಅದಕ್ಕೊಂದು ರಜೆ ಬೇಕು. ಮಹಾದ್ವಾರ ವಿಮೋಚನಾ ಸುವರ್ಣ ಮಹೋತ್ಸವ ಸಮಿತಿಯ ಅಧ್ಯಕ್ಷರಾದ ತಾವು ಹೋದ ವಾರ ನಮ್ಮ ಅಂಗಡಿಯ ವಿಳಾಸಕ್ಕೆ ಒಂದು ಪತ್ರ ಕಳಿಸಿದ್ದೀರಿ. ಸಮಾರಂಭದ ದಿನ ಅಪ್ಪ ವೇದಿಕೆ ಹತ್ತಬೇಕು, ತಾವು ಬರೆಸಿಕೊಟ್ಟ ಪುಟವನ್ನು ಗಟ್ಟಿಯಾಗಿ ಓದಬೇಕು. ಅದರಲ್ಲಿ ಹೀಗಿದೆ: 'ಅಂದು ನಾನು ಜನತೆಯ ಮೇಲಿನ ಪ್ರೀತಿಯಿಂದ, ಪ್ರಾಣದ ಹಂಗು ತೊರೆದು, ಉದ್ದೇಶಪೂರ್ವಕವಾಗಿ ಸರ್ವಾಧಿಕಾರಿಯ ಅರ್ಧ ಮೀಸೆಯನ್ನು ಬೋಳಿಸಿದೆ.' ಓದಿದರೆ ಪದಕ. ಓದಲು ಒಪ್ಪದಿದ್ದರೆ, 'ಅವರ ವಯಸ್ಸು ಹಾಗೂ ಅಂದಿನ ತಿಳಿವಳಿಕೆಯ ಕೊರತೆಯನ್ನು ಪರಿಗಣಿಸಿ' ಸಮಿತಿಯು ಅದೇ ವೇದಿಕೆಯ ಮೇಲೆ ಅವನನ್ನು ಸಾರ್ವಜನಿಕವಾಗಿ ಕ್ಷಮಿಸಲಿದೆ.

ಬಾಯಿ ತೆರೆದರೆ ಪದಕ, ಮುಚ್ಚಿದರೆ ಕ್ಷಮೆ. ಅತ್ತ ದರಿ, ಇತ್ತ ಪುಲಿ. ಒಂದು ಬಾಗಿಲು ತೆರೆದುಕೊಂಡ ನೆನಪಿಗೆ ಇಷ್ಟೊಂದು ಸಂಭ್ರಮ ಮಾಡುವ ತಾವು, ಎಪ್ಪತ್ತಾರರ ಮುದುಕ ತಪ್ಪಿಸಿಕೊಳ್ಳಲು ಒಂದು ಕಿಟಕಿಯನ್ನಾದರೂ ಇಡಬಾರದಿತ್ತೇ?

ಇದರ ಒಂದು ಪ್ರತಿ ಪತ್ರಿಕೆಗೂ ಹೋಗುತ್ತಿದೆ; ಅಲ್ಲಿ ಓದುವ ಎಳೆಯರಿಗಾಗಿ, ತಮಗೆ ಬಾಯಿಪಾಠವಾಗಿರುವ ಕತೆಯನ್ನು ಒಮ್ಮೆ ಹೇಳಿಬಿಡುತ್ತೇನೆ. ಐವತ್ತು ವರ್ಷದ ಹಿಂದೆ ಈ ನಾಡನ್ನು ಒಬ್ಬ ಸರ್ವಾಧಿಕಾರಿ ಆಳುತ್ತಿದ್ದ. ಅವನ ಬಿರುದು ಬಾವಲಿಗಳನ್ನು ಹೇಳಲು ಅರ್ಧ ಪುಟ ಬೇಕು. ಜನ ಅವನನ್ನು ಕರೆಯುತ್ತಿದ್ದುದು ದೊಡ್ಡಮೀಸೆ ಎಂದು, ಅದೂ ಪಿಸುಮಾತಿನಲ್ಲಿ. ಆ ಮೀಸೆ ನಾಣ್ಯದ ಮೇಲಿತ್ತು, ಅಂಚೆಚೀಟಿಯ ಮೇಲಿತ್ತು, ಶಾಲೆಗಳ ಗೋಡೆಯ ಮೇಲೆ ಮಕ್ಕಳನ್ನು ಗದರಿಸುತ್ತಿತ್ತು. ಮೀಸೆ ತಿದ್ದಿಸಿಕೊಳ್ಳದೆ ಅವನು ಹೆಂಡತಿಗೂ ಮುಖ ತೋರಿಸುತ್ತಿರಲಿಲ್ಲವಂತೆ. ಅದನ್ನು ದಿನವೂ ತಿದ್ದುತ್ತಿದ್ದವನು, ಆಗ ಇಪ್ಪತ್ತಾರು ವರ್ಷದವನಾಗಿದ್ದ ನನ್ನ ಅಪ್ಪ.

ಆ ದಿನ ಬೆಳಿಗ್ಗೆ ಊರಿಗೆ ಊರೇ ದೊಡ್ಡಮೀಸೆಯ ಬಂಗಲೆಯ ದೊಡ್ಡ ಗೇಟಿನ ಮುಂದೆ ಸೇರಿತು. ಗೇಟಿನ ಒಳಗೆ ಬಂದೂಕು ಹಿಡಿದ ಕಾವಲುಪಡೆ, ಹೊರಗೆ ದೊಣ್ಣೆ ಬೀಸುವ ಕಾವಲುಪಡೆ. ದೊಡ್ಡಮೀಸೆ ಬಾಲ್ಕನಿಗೆ ಬಂದು ಕೈ ಎತ್ತಿದರೆ ಗುಂಡು ಹಾರಿಸಬೇಕೆಂದು ಪಡೆಯ ಮುಖ್ಯಸ್ಥನಿಗೆ ಅಪ್ಪಣೆಯಾಗಿತ್ತು. ಆತ ಬಾಲ್ಕನಿಯನ್ನೇ ನೋಡುತ್ತ ನಿಂತ. ಬಿಸಿಲು ಏರಿತು, ಜನ ಏರಿದರು, ಮುಖ್ಯಸ್ಥನ ಕತ್ತು ನೋಯತೊಡಗಿತು. ದೊಡ್ಡಮೀಸೆ ಬರಲೇ ಇಲ್ಲ. ಕೊನೆಗೆ ಮುಖ್ಯಸ್ಥ ತಾನೇ ಹೋಗಿ ಗೇಟು ತೆಗೆದ. ಅದೇ ಹೊತ್ತಿಗೆ ಬಂಗಲೆಯ ಹಿತ್ತಲಲ್ಲಿ, ಕುತ್ತಿಗೆಯಿಂದ ಬಿಳಿ ಬಟ್ಟೆ ಹಾರಾಡಿಸುತ್ತ ಒಬ್ಬ ಮನುಷ್ಯ ಓಡುತ್ತಿದ್ದ. ಅವನ ಮೂಗಿನ ಎಡಗಡೆ ಮೀಸೆ ಇತ್ತು, ಬಲಗಡೆ ಇರಲಿಲ್ಲ. ಬಟ್ಟೆ ಹಿಂಬಾಗಿಲ ಚಿಲಕಕ್ಕೆ ಸಿಕ್ಕಿ ಕಳಚಿಕೊಂಡಿತು, ಅವನು ತರಕಾರಿ ಲಾರಿ ಹತ್ತಿ ಹೋದ. ಮತ್ತೆ ಯಾರಿಗೂ ಕಾಣಲಿಲ್ಲ. ಇದಕ್ಕೆ ಸರ್ಕಾರ ಇಟ್ಟ ಹೆಸರು ಮಹಾದ್ವಾರ ವಿಮೋಚನಾ ದಿನ. ನಾವು ಗೇಟಿನ ದಿನ ಅನ್ನುತ್ತೇವೆ.

ಅರ್ಧ ಮೀಸೆಯಲ್ಲಿ ಜನರ ಮುಂದೆ ಬರಲಾರದೆ ಒಬ್ಬ ಸರ್ವಾಧಿಕಾರಿ ಗುಂಡಿನ ಅಪ್ಪಣೆ ಕೊಡಲಿಲ್ಲ. ಸಾವಿರಾರು ಜನ ಬದುಕಿಕೊಂಡರು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆಯನ್ನು ಇಷ್ಟು ಅಚ್ಚುಕಟ್ಟಾಗಿ ಸುಳ್ಳು ಮಾಡಿದವನು ಇನ್ನೊಬ್ಬನಿಲ್ಲ. ಆದರೆ ಆ ಮೀಸೆ ಅರ್ಧವಾದದ್ದು ಹೇಗೆ? ಅಪ್ಪನ ಕೈ ಜಾರಿತೇ, ಬೇಕೆಂದೇ ಮಾಡಿದನೇ? ಕೋಣೆಯಲ್ಲಿದ್ದವರು ಇಬ್ಬರೇ. ಒಬ್ಬ ಲಾರಿ ಹತ್ತಿದ. ಇನ್ನೊಬ್ಬನನ್ನು ಯಾರು ಕೇಳಿದರೂ ಐವತ್ತು ವರ್ಷದಿಂದ ಒಂದೇ ಉತ್ತರ: "ಕೆಲಸ ಇನ್ನೂ ಮುಗಿದಿಲ್ಲ. ಮುಗಿದ್ಮೇಲೆ ಹೇಳ್ತೀನಿ." ಇದು ಅವನ ಹಳೇ ತಮಾಷೆ ಎಂದೇ ನಾನು ಮೊನ್ನೆಯವರೆಗೂ ತಿಳಿದಿದ್ದೆ.

ಅವನು ಹೇಳದಿದ್ದರೇನಂತೆ, ಹೇಳಲು ತಾವಿದ್ದೀರಲ್ಲ. ತಮ್ಮ ಸಮಿತಿ ಪ್ರತಿ ವಾರ್ಷಿಕೋತ್ಸವಕ್ಕೂ ಅಪ್ಪನಿಗೊಂದು ಹೊಸ ವೇಷ ಹೊಲಿಸಿದೆ. ಹತ್ತನೇ ವರ್ಷದಲ್ಲಿ ಅವನು ಶತ್ರುವಿನ ಊಳಿಗದವನು. ಆ ದಿನ ಯಾರೋ ದೇಶಪ್ರೇಮ ಉಕ್ಕಿ ನಮ್ಮ ಅಂಗಡಿಯ ಕನ್ನಡಿಗೆ ಕಲ್ಲು ಹೊಡೆದರು. ಇಪ್ಪತ್ತೈದನೇ ವರ್ಷದಲ್ಲಿ ಅವನು ವಿದೂಷಕ. ತಮ್ಮ ನಾಟಕದಲ್ಲಿ ಜನರ ಕೂಗು ಕೇಳಿದ ತಕ್ಷಣ ಕ್ಷೌರಿಕ ಗಡಗಡ ನಡುಗಿ ಕುರ್ಚಿಯ ಕೆಳಗೆ ನುಗ್ಗುತ್ತಾನೆ, ಅವನ ಚಡ್ಡಿ ಹರಿಯುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಲವತ್ತನೇ ವರ್ಷದಲ್ಲಿ ಅವನು ಇರಲೇ ಇಲ್ಲ. ಆ ಸಲದ ವಿಶೇಷ ಉಪನ್ಯಾಸದಲ್ಲಿ ವಿದ್ವಾಂಸರೊಬ್ಬರು, ಜನಘೋಷದ ಕಂಪನಕ್ಕೆ ಮೀಸೆ ತಾನಾಗಿಯೇ ಉದುರಿತು ಎಂದು ಸಾಧಿಸಿ ತೋರಿಸಿದರು. ಕೂಗಿದರೆ ಕೂದಲು ಉದುರುವುದಾಗಿದ್ದರೆ, ಮಾನ್ಯರೇ, ನಮ್ಮ ಬೀದಿಯ ಮೀನು ಮಾರುವವಳ ದೆಸೆಯಿಂದ ನಾವು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿರಬೇಕಿತ್ತು.

ಈಗ ಐವತ್ತನೇ ವರ್ಷಕ್ಕೆ 'ಸಾಮಾನ್ಯ ಮನುಷ್ಯನ ಪಾತ್ರ' ಎಂಬುದೊಂದು ಬೇಕಾಗಿದೆಯಂತೆ. ತಮ್ಮ ಕಾರ್ಯದರ್ಶಿಗಳು ಹಾಗಂತ ಹೇಳಿದರು. ಸಾಮಾನ್ಯ ಮನುಷ್ಯರು ಬೇಕೆಂದಾಗ ಸಿಗುವುದಿಲ್ಲ, ಬೇಡವೆಂದಾಗ ಸಾಲುಗಟ್ಟಿ ನಿಂತಿರುತ್ತಾರೆ. ಪುಣ್ಯಕ್ಕೆ ತಮಗೆ ಅಪ್ಪನ ನೆನಪಾಯಿತು.

ಆ ನಾಟಕದ ಬಗ್ಗೆ ನನಗೆ ಸ್ವಲ್ಪ ಸ್ವಂತ ಅನುಭವವೂ ಇದೆ. ಬೆಳ್ಳಿಹಬ್ಬದ ವರ್ಷ ನಮ್ಮ ಶಾಲೆಯಲ್ಲೂ ಅದನ್ನು ಆಡಿಸಿದರು. ಕ್ಷೌರಿಕನ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಟೀಚರು ನನ್ನ ಕಡೆ ತಿರುಗಿ, "ನೀನೇ ಮಾಡಿಬಿಡೇ, ನಿಮ್ಮನೇಲೇ ಅನುಭವ ಇದೆಯಲ್ಲ" ಅಂದರು. ನಾನು ಮಾಡಿದೆ. ಕುರ್ಚಿಯ ಕೆಳಗೆ ನುಗ್ಗಿ ನಡುಗಿದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪ ಕೊನೆಯ ಸಾಲಿನಲ್ಲಿ ಕೂತು ನೋಡಿದ. ಮನೆಗೆ ನಡೆದು ಬರುವಾಗ ನಾನು ಅಳಲು ತಯಾರಾಗಿ ಅವನ ಮುಖ ನೋಡಿದರೆ, ಅವನು ಬಹಳ ಯೋಚನೆ ಮಾಡಿ ಹೇಳಿದ್ದು ಇಷ್ಟು: "ನೀನು ಕತ್ತಿ ಹಿಡ್ಕೊಂಡಿದ್ದು ತಪ್ಪು ಮಗಳೇ. ಹಾಗೆ ಹಿಡಿದ್ರೆ ಗಿರಾಕಿ ಕಿವಿ ಹೋಗುತ್ತೆ." ಮರುದಿನದಿಂದಲೇ ಕತ್ತಿ ಹಿಡಿಯುವುದನ್ನು ಕಲಿಸತೊಡಗಿದ. ನಾನು ಈ ಕಸುಬಿಗೆ ಬಂದದ್ದು ತಮ್ಮ ನಾಟಕದ ಕೃಪೆಯಿಂದ, ಅದಕ್ಕೆ ಋಣಿಯಾಗಿದ್ದೇನೆ.

ಈಗ ತಮ್ಮ ಕ್ಷಮೆಯ ವಿಚಾರ. ಗೇಟಿನ ದಿನ ತಾವು ಹುಟ್ಟಿದ್ದಿರಿ ನಿಜ, ಆದರೆ ಹಲ್ಲು ಬಂದಿರಲಿಲ್ಲ ಎಂದು ಕೇಳಿದ್ದೇನೆ. ಕಾರ್ಯದರ್ಶಿಗಳಂತೂ ಹುಟ್ಟಿಯೇ ಇರಲಿಲ್ಲ. ಅಪ್ಪನ ಮೇಲೆ ಸಿಟ್ಟಾಗುವ ಹಕ್ಕು ಇಡೀ ಊರಿನಲ್ಲಿ ಒಬ್ಬರಿಗಿದೆ. ಅದು ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ. ತಮಗೆ ಅವಳು ಗೊತ್ತು, ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಪದಕ ಹಾಕಿಸಿ ಕೂರಿಸುತ್ತೀರಿ. 'ಗೇಟಿನ ಅಜ್ಜಿ' ಎಂದು ಮಕ್ಕಳ ಪಾಠದಲ್ಲೂ ಬರುತ್ತಾಳೆ.

ಆ ದಿನ ಅವಳಿಗೆ ಹತ್ತೊಂಬತ್ತು. ಬೆಳಿಗ್ಗೆ ಅಪ್ಪ ಕತ್ತಿ, ಸೋಪು, ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೊರಟಾಗ ಬಾಗಿಲಿಗೆ ಅಡ್ಡ ನಿಂತು, "ಇವತ್ತೊಂದಿನ ಹೋಗ್ಬೇಡ ಕಣೋ" ಅಂದಳಂತೆ. ಅಪ್ಪ ಅವಳನ್ನು ಪಕ್ಕಕ್ಕೆ ಸರಿಸಿ ಹೋದ. ಅವಳು ಗೇಟಿಗೆ ಹೋದಳು. ಮುಂದಿನ ಸಾಲಿನಲ್ಲಿದ್ದವರ ಮೇಲೆ ದೊಣ್ಣೆ ಬಿದ್ದಾಗ ಅವಳ ಬಲಗೈ ಭುಜದ ಹತ್ತಿರ ಮುರಿಯಿತು. ಕೂಡಿಕೊಂಡಿತು, ಆದರೆ ಇವತ್ತಿಗೂ ಆ ಕೈ ಭುಜದಿಂದ ಮೇಲೆ ಏಳುವುದಿಲ್ಲ. ಹೊರಗೆ ತಾನು ಏಟು ತಿನ್ನುತ್ತಿದ್ದಾಗ ಒಳಗೆ ಅಣ್ಣ ದೊಡ್ಡಮೀಸೆಯ ಮೀಸೆ ತಿದ್ದುತ್ತಿದ್ದ ಅನ್ನುವುದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಅವತ್ತು ಬಿಟ್ಟ ಮಾತು ಬಿಟ್ಟೇಬಿಟ್ಟಳು. ಅವಳ ಮನೆ ಇರುವುದು ನಮ್ಮ ಹಿಂದಿನ ಬೀದಿಯಲ್ಲಿ. ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ.

ಕೈ ಮೇಲೆ ಏಳದವಳಿಗೆ ತಲೆ ಬಾಚಿಕೊಳ್ಳುವುದು ಹೇಗೆ? ಅದಕ್ಕೇ ಕೂದಲನ್ನು ಗಿಡ್ಡ ಮಾಡಿಕೊಂಡಳು. ಅದನ್ನೂ ಎಡಗೈಯಲ್ಲಿ, ಅಡುಗೆಮನೆಯ ಕತ್ತರಿಯಿಂದ, ತಾನೇ. ಅಣ್ಣ ಊರಿನ ಒಳ್ಳೆಯ ಕ್ಷೌರಿಕ, ಸೋದರಸೊಸೆ ನಾನು ಅವನಿಗಿಂತ ತುಸು ಒಳ್ಳೆಯ ಕ್ಷೌರಿಕಳು, ಇವಳ ತಲೆ ನೋಡಿದರೆ ಇಲಿ ಕಡಿದ ಗೋಣಿಚೀಲ. ವರ್ಷವರ್ಷವೂ ತಮ್ಮ ಸಮಾರಂಭದ ಫೋಟೋದಲ್ಲಿ ಆ ತಲೆ ನೋಡಿ ಅಪ್ಪ ಪತ್ರಿಕೆಯನ್ನು ಮಡಚಿ ಇಡುತ್ತಾನೆ. ಒಂದು ಸಲ ಮಾತ್ರ, ಅವಳು ಬೀದಿಯಲ್ಲಿ ಬೆನ್ನು ಹಾಕಿ ಹೋಗುವುದನ್ನು ನೋಡಿ, "ಹಿಂದ್ಗಡೆ ಸ್ವಲ್ಪ ಏರುಪೇರಾಗಿದೆ, ಯಾರಾದ್ರೂ ಸರಿ ಮಾಡ್ಬಾರ್ದಾ" ಅಂದ.

ತಮ್ಮ ಪತ್ರವನ್ನು ಅಪ್ಪನಿಗೆ ನಾನೇ ಓದಿ ಹೇಳಿದೆ. ಅವನು ಆಗ ಅಂಗಡಿಯ ಬೆಂಚಿನಲ್ಲಿ ಕೂತು ಕತ್ತಿ ಮಸೆಯುವ ಚರ್ಮದ ಪಟ್ಟಿಗೆ ಎಣ್ಣೆ ಸವರುತ್ತಿದ್ದ. ಕೈ ನಡುಗುತ್ತದೆಂದು ಅವನು ಕತ್ತಿ ಮುಟ್ಟುವುದನ್ನು ಬಿಟ್ಟು ಕೆಲವು ವರ್ಷವಾಯಿತು, ಪಟ್ಟಿಯನ್ನು ಬಿಟ್ಟಿಲ್ಲ.

"ಪದಕ ಕೊಡ್ತಾರಂತಪ್ಪಾ," ಅಂದೆ.

"ಯಾತಕ್ಕೆ?"

"ಬೇಕಂತಲೇ ಬೋಳಿಸ್ದೆ ಅಂತ ಹೇಳಿದ್ರೆ."

"ಕೈ ಜಾರ್ತು ಅಂದ್ರೆ ನಾನು ಕೆಲಸ ಬಾರದವನು. ಬೇಕಂತ ಮಾಡ್ದೆ ಅಂದ್ರೆ ಕುತ್ತಿಗೆ ಕೊಟ್ಟು ಕೂತವನಿಗೆ ಮೋಸ ಮಾಡಿದವನು. ಇದ್ರಲ್ಲಿ ಪದಕ ಕೊಡೋ ಅಂಥದ್ದು ಯಾವುದಿದೆ?"

"ಹಾಗಾದ್ರೆ ಏನಾಯ್ತು, ನನಗಾದ್ರೂ ಹೇಳು."

"ಕೆಲಸ ಇನ್ನೂ ಮುಗಿದಿಲ್ಲ," ಅಂದ ಮುದುಕ.

ತಾವು ನಗಬಹುದು. ದೊಡ್ಡಮೀಸೆಯಂಥ ರಾಕ್ಷಸನಿಗೆ ಮೋಸ ಮಾಡಿದರೆ ಅದೆಂಥ ಮೋಸ ಅನ್ನಬಹುದು. ನಾನೂ ಹಾಗೇ ಅಂದೆ. ನನ್ನ ಕೈಯಲ್ಲಿ ಕತ್ತಿಯಿದ್ದು, ಅವನು ಕಣ್ಣುಮುಚ್ಚಿ ಕತ್ತೆತ್ತಿ ಕೂತಿದ್ದರೆ ನಾನು ಮೀಸೆಗೇ ನಿಲ್ಲುತ್ತಿದ್ದೆ ಅನ್ನುವ ನಂಬಿಕೆ ನನಗಿಲ್ಲ. ಆದರೆ ಯೋಚಿಸಿ ನೋಡಿ. ಕಳ್ಳನೂ ನ್ಯಾಯಾಧೀಶನೂ ಒಂದೇ ಕುರ್ಚಿಯಲ್ಲಿ ಕೂತು, ಹೆಂಡತಿಗೂ ತೋರಿಸದಷ್ಟು ಉದ್ದಕ್ಕೆ ಕುತ್ತಿಗೆ ಚಾಚಿ ನಮ್ಮ ಕತ್ತಿಗೆ ಕೊಡುತ್ತಾರೆ. ಯಾವ ಧೈರ್ಯದ ಮೇಲೆ ಕೊಡುತ್ತಾರೆ? ನಮ್ಮ ಕಸುಬಿಗೆ ಎರಡು ಕಟ್ಟಳೆಗಳಿವೆ. ಕುರ್ಚಿಯಲ್ಲಿ ಆಡಿದ ಮಾತು ಕುರ್ಚಿ ಬಿಟ್ಟು ಹೊರಗೆ ಹೋಗಬಾರದು, ಎಂದೆಂದಿಗೂ. ಮತ್ತೆ, ಗಿರಾಕಿಗೆ ಹೊದಿಸಿದ ಬಟ್ಟೆಯನ್ನು ಬಿಚ್ಚಿ ಬಾಗಿಲಾಚೆ ಕೊಡವುವ ತನಕ ಅವನು ನಮ್ಮ ಜವಾಬ್ದಾರಿ. ಅಲ್ಲಿಯವರೆಗೆ ಕೆಲಸ ಮುಗಿದಂತಲ್ಲ, ಮುಗಿಯದ ಕೆಲಸದ ಬಗ್ಗೆ ಮೂರನೆಯವರ ಹತ್ತಿರ ತುಟಿ ಬಿಚ್ಚುವಂತಿಲ್ಲ. ಬಟ್ಟೆ ಕೊಡವಿದ ಮೇಲೆ ಕೆಲಸ ಚೆನ್ನಾಯಿತು ಕೆಟ್ಟಿತು ಅಂತ ಏನು ಬೇಕಾದರೂ ಹೇಳಿಕೊಳ್ಳಬಹುದು. ಅಜ್ಜನ ಕಾಲದಿಂದ ಬಂದದ್ದು ಇದು. ನಾನು ಕಲಿಯುವಾಗ ಮೊದಲು ಕಲಿಸಿದ್ದೂ ಇದೇ.

ಇಷ್ಟೆಲ್ಲ ಗೊತ್ತಿದ್ದೂ ಅಪ್ಪನ ಮಾತು ನನಗೆ ಅರ್ಥವಾಗಿರಲಿಲ್ಲ. ಅದಕ್ಕೆ ತಮ್ಮ ವಸ್ತುಸಂಗ್ರಹಾಲಯಕ್ಕೇ ಹೋಗಬೇಕಾಯಿತು.

ಪ್ರಚಾರದ ಫೋಟೋ ತೆಗೆಯಬೇಕೆಂದು ಕಾರ್ಯದರ್ಶಿಗಳು ನಮ್ಮನ್ನು ಮೊನ್ನೆ ಅಲ್ಲಿಗೆ ಕರೆಸಿದರು. ಅಪ್ಪ ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು. ತನ್ನನ್ನು ಬೈಯುವ ಫಲಕ ಓದಲು ಟಿಕೆಟು ಕೊಂಡು ಹೋಗುವಷ್ಟು ಪುರುಸೊತ್ತು ಅವನಿಗೆ ಇರಲಿಲ್ಲ. ದೊಡ್ಡಮೀಸೆಯ ವಸ್ತುಗಳನ್ನು ನೋಡಲು ಅತ್ತೆಯೂ ಎಂದೂ ಹೋದವಳಲ್ಲ. ನಡುಮನೆಯಂಥ ದೊಡ್ಡ ಕೋಣೆಯಲ್ಲಿ, ದೀಪಗಳ ಕೆಳಗೆ, ಗಾಜಿನ ಪೆಟ್ಟಿಗೆಯೊಳಗೆ ಒಂದು ಗೊಂಬೆ ನಿಂತಿದೆ. ಗೊಂಬೆಯ ಹೆಗಲ ಮೇಲೆ ಬಿಳಿಯ ನಿಲುವಸ್ತ್ರ ಇಳಿಬಿದ್ದಿದೆ. ಅದರ ಫಲಕವನ್ನು ತಾವು ಓದಿರುತ್ತೀರಿ, ತಮ್ಮದೇ ಸಹಿಯಿದೆ: 'ಸರ್ವಾಧಿಕಾರಿಯ ಅಧಿಕಾರ ವಸ್ತ್ರ. ಪಲಾಯನದ ಸಮಯದಲ್ಲಿ ಹಿಂಬಾಗಿಲಿನಲ್ಲಿ ಬಿಟ್ಟುಹೋದದ್ದು. ಕುತ್ತಿಗೆಯ ಬಳಿ ಅಧಿಕಾರ ಮುದ್ರೆ ಇರುವುದನ್ನೂ, ಅಂಚಿನಲ್ಲಿ ಕಪ್ಪು ಎಳೆಗಳ ಅಪರೂಪದ ಕಸೂತಿ ಇರುವುದನ್ನೂ ಗಮನಿಸಬಹುದು.'

"ಯಜಮಾನ್ರೇ, ಸ್ವಲ್ಪ ಹತ್ತಿರ ನಿಂತ್ಕೊಳ್ಳಿ, ವಸ್ತ್ರ ಕಾಣ್ಬೇಕು," ಅಂದರು ಕಾರ್ಯದರ್ಶಿಗಳು.

ಅಪ್ಪ ಕನ್ನಡಕ ಹಾಕಿಕೊಂಡ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ. ಮೊದಲು ಅವನ ಭುಜ ಅಲುಗಿತು, ಅಳುತ್ತಿದ್ದಾನೆಂದು ನಾನು ಹೆದರಿದೆ. ಆಮೇಲೆ ನೋಡಿದರೆ ಮನುಷ್ಯ ನಗುತ್ತಿದ್ದಾನೆ. ನಕ್ಕು ನಕ್ಕು ಉಸಿರು ಸಿಗದೆ, ಮುಟ್ಟಬೇಡಿ ಎಂದು ಬರೆದ ಯಾವುದೋ ಐತಿಹಾಸಿಕ ಸ್ಟೂಲಿನ ಮೇಲೆ ಕೂತುಬಿಟ್ಟ.

"ಇದು ನಮ್ಮಮ್ಮ ಹೊಲಿದ ಬಟ್ಟೆ ಕಣಪ್ಪಾ," ಅಂದ. "ಹಾಸಿಗೆ ಮೇಲಿನ ಹೊದಿಕೆ ಹರಿದಾಗ ಅದ್ರಲ್ಲೇ ಅಂಗಡಿಗೆ ಅಂತ ಹೊಲಿದುಕೊಟ್ಲು. ಆ ಮುದ್ರೆ ಅಂತೀರಲ್ಲ, ಅದು ನಮ್ಮಪ್ಪನ ಹಳೇ ಕೋಟಿನ ಗುಂಡಿ."

"ಮತ್ತೆ ಕಸೂತಿ?" ಅಂದರು ಕಾರ್ಯದರ್ಶಿಗಳು, ಪಾಪ, ನಂಬಲಾರದೆ.

"ಮೀಸೆ," ಅಂದ ಅಪ್ಪ.

ಮಾನ್ಯರೇ, ನಲವತ್ತಕ್ಕೂ ಹೆಚ್ಚು ವರ್ಷದಿಂದ ಶಾಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಾವು ತೋರಿಸುತ್ತ ಬಂದದ್ದು ಕ್ಷೌರದಂಗಡಿಯ ಬಟ್ಟೆಯನ್ನು. ಅದರ ಅಂಚಿನ ಮಡಿಕೆಯಲ್ಲಿ ಸಿಕ್ಕಿಕೊಂಡ ಕೂದಲಿನ ಬಗ್ಗೆ ಒಬ್ಬರು ಪ್ರಬಂಧ ಬರೆದು ಪದವಿಯನ್ನೂ ಪಡೆದಿದ್ದಾರಂತೆ. ಅವರ ಮೇಲೆ ನನಗೆ ಕೋಪವಿಲ್ಲ. ನಮ್ಮ ಅಂಗಡಿಯಲ್ಲಿ ದಿನಾ ಗುಡಿಸಿ ಎಸೆಯುವುದನ್ನು ಇಷ್ಟು ಗೌರವದಿಂದ ಕಂಡವರು ಅವರೊಬ್ಬರೇ.

ಆದರೆ ನಗು ನಿಂತ ಮೇಲೆ ಅಪ್ಪ ಎದ್ದು ಕೈ ಮುಂದೆ ಚಾಚಿದ. "ಕೊಡಿ ಸ್ವಾಮಿ, ಒಂದ್ಸಲ ಕೊಡವಿಬಿಡ್ತೀನಿ."

"ಏನು ಕೊಡವೋದು?"

"ಬಟ್ಟೆ. ಅವನು ಅದನ್ನ ಕಟ್ಕೊಂಡೇ ಓಡಿಹೋದ. ಯಾರು ಎತ್ಕೊಂಡ್ರೋ, ಯಾರು ಸುಟ್ರೋ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಕೊಡವಿದ್ರೆ ಕೆಲಸ ಮುಗೀತು. ಆಮೇಲೆ ಏನು ಕೇಳಿದ್ರೂ ಹೇಳ್ತೀನಿ."

ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದು, ಅಜ್ಜನಿಗೆ ಅರಳುಮರಳು ಶುರುವಾಗಿದೆಯಾ ಎಂದು ಮೆಲ್ಲಗೆ ಕೇಳಿದರು. ಅವನು ಐವತ್ತು ವರ್ಷದಿಂದ ಹೇಳುತ್ತಿದ್ದುದು ತಮಾಷೆಯಲ್ಲ, ನೂರಕ್ಕೆ ನೂರು ನಿಜ ಎಂದು ನನಗೆ ಆ ಕ್ಷಣದಲ್ಲಿ ಹೊಳೆದಿತ್ತು. ಊರೆಲ್ಲ ಅವನ ಹೆಸರಿಗೆ ಮಸಿ ಬಳಿದಾಗ, ಸ್ವಂತ ತಂಗಿ ಮುಖ ತಿರುಗಿಸಿದಾಗ, ಒಂದು ಮಾತು ಹೇಳಿ ಎಲ್ಲವನ್ನೂ ಸರಿಮಾಡಿಕೊಳ್ಳಬಹುದಿತ್ತು ಅಥವಾ ಪೂರ್ತಿ ಕೆಡಿಸಿಕೊಳ್ಳಬಹುದಿತ್ತು. ಎರಡನ್ನೂ ಮಾಡದೆ ಕೂತ. ಓಡಿಹೋದ ಒಬ್ಬ ನೀಚ ಗಿರಾಕಿಯ ಕುತ್ತಿಗೆಯಿಂದ ಬಟ್ಟೆ ಬಿಚ್ಚಿಲ್ಲ ಎಂಬ ಒಂದೇ ಕಾರಣಕ್ಕೆ! ಇದನ್ನು ದೊಡ್ಡತನ ಅನ್ನಬೇಕೋ ಹುಚ್ಚು ಅನ್ನಬೇಕೋ ನನಗೆ ಗೊತ್ತಿಲ್ಲ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಸಣ್ಣ ಊರು, ಸುದ್ದಿಗೆ ಕಾಲು ಬೇಕಿಲ್ಲ. ಮರುದಿನ ಮಧ್ಯಾಹ್ನ ನಾನು ಒಬ್ಬರ ತಲೆಗೆ ನೀರು ಚಿಮುಕಿಸುತ್ತಿದ್ದಾಗ ಬಾಗಿಲಲ್ಲಿ ಯಾರೋ ನಿಂತ ನೆರಳು ಕನ್ನಡಿಯಲ್ಲಿ ಕಂಡಿತು. ತಿರುಗಿದರೆ ಅತ್ತೆ. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತಳು. ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಗಿರಾಕಿಯ ಕಾಲರಿನೊಳಗೆ ಸುರಿಯುತ್ತಿದ್ದುದು ನನಗೂ ತಿಳಿಯಲಿಲ್ಲ, ಅವನೂ ಉಸಿರೆತ್ತಲಿಲ್ಲ.

"ಬಟ್ಟೆ ಸಿಕ್ತಂತೆ," ಅಂದಳು, ಅಪ್ಪನನ್ನು ನೋಡದೆ, ಬೆಂಚನ್ನು ನೋಡುತ್ತ.

"ಹೂಂ," ಅಂದ ಅಪ್ಪ.

"ಇದಕ್ಕಾ ಬಾಯಿ ಮುಚ್ಕೊಂಡಿದ್ದಿದ್ದು?"

"ಹೂಂ."

"ನೀನು ಬೇಕಂತ ಬೋಳಿಸಿದ್ಯೋ, ಕೈ ಜಾರ್ತೋ, ಅದು ಅವರ ನಾಟಕಕ್ಕೆ ಬೇಕು, ನನ್ಗೆ ಬೇಡ. ಅವತ್ತು ಬಾಗಿಲಿಗೆ ಅಡ್ಡ ನಿಂತಿದ್ನಲ್ಲ, ನನ್ನ ಸರಿಸಿ ಯಾಕೆ ಹೋದೆ? ಅದೊಂದು ಹೇಳು."

"ಅದೂ ಆ ಕೆಲಸದೊಳಗೇ ಸೇರಿದೆ ಕಣೇ. ಬಟ್ಟೆ ಬರ್ಲಿ, ನಿನ್ನೆದುರಿಗೇ ಕೊಡವಿ ಹೇಳ್ತೀನಿ."

"ನಿನ್ಗೆ ಎಪ್ಪತ್ತಾರು. ನನ್ಗೂ ಸಕ್ಕರೆ ಕಾಯಿಲೆ. ಯಾವಾಗ ಬರುತ್ತಂತೆ ಅದು?"

"ಸಮಿತಿಯವರನ್ನ ಕೇಳ್ಬೇಕು."

ಅಪ್ಪನ ಕಣ್ಣು ಅತ್ತೆಯ ಮುಖದ ಮೇಲೆ ಇರಲಿಲ್ಲ, ತಲೆಯ ಮೇಲಿತ್ತು. ಅವಳಿಗೂ ಅದು ಗೊತ್ತಾಗಿ ಎಡಗೈಯಿಂದ ಕೂದಲು ಮುಟ್ಟಿಕೊಂಡಳು. "ಬಟ್ಟೆ ಬಂದ ದಿನ ಬರ್ತೀನಿ," ಅಂದು ಹೊರಟಳು. ಅವಳು ಬೀದಿಯ ತಿರುವು ದಾಟಿದ ಮೇಲೆ ಅಪ್ಪ ನನ್ನ ಕಡೆ ನೋಡಿ, "ಕತ್ತರಿ ಒಂದು ಸಾಣೆ ಹಿಡಿಸಿಡು," ಅಂದ. "ನನ್ನ ಕೈ ನಡುಗುತ್ತೆ, ಅವಳ ಕೈ ಏಳಲ್ಲ. ಇಬ್ಬರದ್ದೂ ಸೇರಿ ಒಂದು ಕ್ರಾಪು ಹೇಗಾದ್ರೂ ಆಗುತ್ತೆ."

ಆ ಸಂಜೆಯೇ ನಾನು ಕಾರ್ಯದರ್ಶಿಗಳ ಕಚೇರಿಗೆ ಹೋಗಿ ಬಟ್ಟೆಯನ್ನು ಅರ್ಧ ದಿನದ ಮಟ್ಟಿಗೆ ಕೊಡಿ ಎಂದು ಕೇಳಿದೆ. ಅದು ರಾಷ್ಟ್ರೀಯ ಸ್ವತ್ತು, ಕೊಡಲಾಗದು ಅಂದರು. ಸರಿ, ಅಲ್ಲೇ ಪೆಟ್ಟಿಗೆ ತೆಗೆಯಿರಿ, ಅಲ್ಲೇ ಕೊಡವಿ ಹೋಗುತ್ತಾನೆ ಅಂದೆ. ಕೊಡವಿದರೆ ಕಸೂತಿ ಉದುರುತ್ತದೆ ಅಂದರು! ಅದು ಕಸೂತಿಯಲ್ಲ ಎಂದು ತಿಳಿದ ಮೇಲೂ, ಮುಖದಲ್ಲಿ ಒಂದು ಗೆರೆ ಅಲುಗದೆ ಹಾಗಂದರು. ಕೊನೆಗೆ ತಗ್ಗಿದ ದನಿಯಲ್ಲಿ ನಿಜವಾದ ಕಷ್ಟ ಹೇಳಿಕೊಂಡರು: ಫಲಕ ಬದಲಾಯಿಸಬೇಕಾಗುತ್ತದೆ, ಪಠ್ಯಪುಸ್ತಕ ತಿದ್ದಬೇಕಾಗುತ್ತದೆ, ಪ್ರಬಂಧ ಬರೆದವರು ಈಗ ತಮ್ಮ ಸಮಿತಿಯ ಸದಸ್ಯರೇ ಆಗಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಕೊಡವಿದ ಮೇಲೆ ಮುದುಕ ಏನು ಹೇಳಿಬಿಡುತ್ತಾನೋ ಯಾರಿಗೆ ಗೊತ್ತು?

ಹೌದು, ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಕೈ ಜಾರಿರಬಹುದು. ಬೇಕೆಂದೇ ಮಾಡಿರಬಹುದು. ಆ ದೊಡ್ಡ ಮನುಷ್ಯನೇ ಹೆದರಿ, ವೇಷ ಮರೆಸಿ ಓಡಲು ಮೀಸೆ ತೆಗೆಸುತ್ತ ಕೂತಿರಬಹುದು. ಸೀನಿರಲೂಬಹುದು. ಇಡೀ ದೇಶದ ಹಣೆಬರಹ ಒಂದು ಸೀನಿನಿಂದ ಬದಲಾಗಿದ್ದರೆ ತಮಗೆ ಅವಮಾನವೇ? ಗೇಟಿನ ಮುಂದೆ ಕೈ ಮುರಿಸಿಕೊಂಡವಳ ಕೈ ಸೀನಿನಿಂದ ಮುರಿದದ್ದಲ್ಲವಲ್ಲ. ಅವಳ ಧೈರ್ಯ ಅವಳದ್ದು, ಅದಕ್ಕೆ ಯಾವ ಮೀಸೆಯ ಆಸರೆಯೂ ಬೇಕಿಲ್ಲ. ಐವತ್ತು ವರ್ಷ ಸಮಾರಂಭ ಮಾಡಿದವರಿಗೆ ಆ ದಿನ ಏನಾಯಿತೆಂದು ಕೇಳಿಸಿಕೊಳ್ಳುವ ಆಸೆಯೇ ಇಲ್ಲದಿದ್ದರೆ, ಆ ಸಮಾರಂಭ ಯಾವುದರ ನೆನಪಿಗೆ?

ತಾವು ನನ್ನನ್ನು ಹೆದರಿಸಬಹುದು, ಪರವಾನಗಿ ಗಿರವಾನಗಿ ಅನ್ನಬಹುದು. ಬಡವನ ಕೋಪ ದವಡೆಗೆ ಮೂಲ ಅನ್ನುವುದು ನನಗೆ ಗೊತ್ತು, ಆದರೆ ದವಡೆಗಳು ನನ್ನ ಕೈಗೆ ಸಿಗುವುದೇ ಹೆಚ್ಚು. ತಾವೂ ತಿಂಗಳಿಗೊಮ್ಮೆ ನಮ್ಮ ಅಂಗಡಿಗೆ ಬರುತ್ತೀರಿ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಹಿಂಬಾಗಿಲಿನಿಂದ. ಯಾತಕ್ಕೆ ಬರುತ್ತೀರಿ, ಬಂದಾಗ ನನ್ನ ಸೀಸೆಯಲ್ಲಿ ಏನು ಖರ್ಚಾಗುತ್ತದೆ ಎಂದು ಹೇಳುವುದಿಲ್ಲ. ಈ ಉತ್ಸವದ ಬಗ್ಗೆ, ಕಾರ್ಯದರ್ಶಿಗಳ ಬಗ್ಗೆ, ಪ್ರಬಂಧ ಬರೆದವರ ಬಗ್ಗೆ ತಾವು ಕುರ್ಚಿಯಲ್ಲಿ ಆರಾಮಾಗಿ ಒರಗಿ ಆಡಿದ ಮಾತುಗಳನ್ನೂ ಹೇಳುವುದಿಲ್ಲ. ಹೆದರಬೇಡಿ, ಅವು ಕುರ್ಚಿಯಲ್ಲೇ ಇವೆ. ತಾವು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿರುವುದು, ತಾವು ಕ್ಷಮಿಸಲು ಹೊರಟ ಆ ಮುದುಕ ಕಲಿಸಿದ ಕಟ್ಟಳೆಯಿಂದ. ಅದನ್ನು ಮುರಿ ಎಂದು ಅವನನ್ನು ಒತ್ತಾಯಿಸುವ ಮೊದಲು ತಮ್ಮ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳಿ.

ಆದ್ದರಿಂದ ನನ್ನ ಬೇಡಿಕೆ. ಪದಕ ಬೇಡ, ಬೇರೆ ಯಾರಿಗಾದರೂ ಕೊಡಿ, ಕುತ್ತಿಗೆಗಳು ಬೇಕಾದಷ್ಟಿವೆ. ಕ್ಷಮೆ ಬೇಡ, ಅದನ್ನು ತಮ್ಮ ಸ್ವಂತ ಉಪಯೋಗಕ್ಕೆ ಇಟ್ಟುಕೊಳ್ಳಿ. ನಾಟಕ ಬೇಕಾದರೆ ಆಡಿಸಿಕೊಳ್ಳಿ, ಕ್ಷೌರಿಕನ ಚಡ್ಡಿ ಇನ್ನಷ್ಟು ಹರಿಯಲಿ. ಕತ್ತಿ ಮಾತ್ರ ಸರಿಯಾಗಿ ಹಿಡಿಸಿ, ಆ ಹುಡುಗರ ಕಿವಿ ಹೋದೀತು. ಸಮಾರಂಭದ ಮುಂಚೆ ಗಾಜಿನ ಪೆಟ್ಟಿಗೆ ತೆಗೆದು ನಮ್ಮ ಅಂಗಡಿಯ ಬಟ್ಟೆಯನ್ನು ನಮ್ಮ ಅಂಗಡಿಗೆ ಕಳಿಸಿ. ಇನ್ನೊಂದು ಜಯಂತಿಯವರೆಗೆ ಕಾಯಲು ನಮ್ಮ ಮನೆಯ ಇಬ್ಬರಿಗೂ ಆಯುಸ್ಸು ಸಾಲದು.

ಬಟ್ಟೆ ಬಂದ ದಿನ ಅಪ್ಪ ಅದನ್ನು ಬಾಗಿಲಾಚೆ ಹಿಡಿದು ಕೊಡವುತ್ತಾನೆ. ಅದರಲ್ಲಿ ಉಳಿದ ದೊಡ್ಡಮೀಸೆಯ ಮೀಸೆ ಬೀದಿಯ ಧೂಳಿಗೆ ಸೇರುತ್ತದೆ. ಆಮೇಲೆ ಅದೇ ಬಟ್ಟೆಯನ್ನು ತಂಗಿಯ ಕುತ್ತಿಗೆಗೆ ಹೊದಿಸಿ, ಅಜ್ಜನ ಕೋಟಿನ ಗುಂಡಿ ಹಾಕಿ, ಅವಳ ಕೂದಲಿಗೆ ಕತ್ತರಿ ಇಡುತ್ತ, ಅವಳು ಕೇಳಿದ್ದಕ್ಕೆ ಉತ್ತರ ಹೇಳುತ್ತಾನಂತೆ. ನಾನು ಆಗ ಹೊರಗೆ ನಿಂತಿರುತ್ತೇನೆ. ಕುರ್ಚಿಯಲ್ಲಿ ಆಡಿದ ಮಾತು ಹೊರಗೆ ಬರುವುದಿಲ್ಲವಾದ್ದರಿಂದ ಅದನ್ನು ನಾಟಕಕ್ಕೆ ಸೇರಿಸುವ ತೊಂದರೆ ತಮಗಿರುವುದಿಲ್ಲ. ಈ ಸಲ ಮುಂದಿನ ಸಾಲಿನ ಫೋಟೋ ತೆಗೆಸುವಾಗ ಮಾತ್ರ, ದಯವಿಟ್ಟು ಒಂದನ್ನು ಅವಳ ಹಿಂದಿನಿಂದಲೂ ತೆಗೆಸಿ. ಅಪ್ಪ ಪತ್ರಿಕೆಯಲ್ಲಿ ನೋಡಬೇಕು.

ಇಂತಿ,
ಹಿಡಿದ ಮೀಸೆಯನ್ನು ಈವರೆಗೆ ಅರ್ಧಕ್ಕೆ ಬಿಡದ,
ಆದರೂ ಊರವರ ಬಾಯಲ್ಲಿ 'ಅರ್ಧ ಮೀಸೆಯವನ ಮಗಳು'